ಜಗಲಿಯಿಂದ ಕಾಣುವ ವಸಂತ: ಮಲೆನಾಡಿನ ಮನೆಯ ಸುತ್ತ ಹಕ್ಕಿ ನೋಡುವ ಕ್ರಮ

ಫೆಬ್ರವರಿಯ ಒಂದು ನಸುಕು. ಬಚ್ಚಲ ಒಲೆಗೆ ಇನ್ನೂ ಬೆಂಕಿ ಹಾಕಿರುವುದಿಲ್ಲ, ಅಷ್ಟರಲ್ಲೇ ಹಿತ್ತಿಲ ಹಲಸಿನ ಮರದ ತುದಿಯಿಂದ ಮಡಿವಾಳ ಹಕ್ಕಿ ಸಿಳ್ಳೆ ಹಾಕುತ್ತದೆ. ಚಳಿಗಾಲವಿಡೀ ಅದೇ ಹಕ್ಕಿ ಅದೇ ಅಂಗಳದಲ್ಲಿ ಬಾಲ ನಿಗುರಿಸಿಕೊಂಡು ಓಡಾಡುತ್ತಿತ್ತು. ಹಾಡು ಮಾತ್ರ ಇರಲಿಲ್ಲ. ಯುಗಾದಿ ಇನ್ನೂ ದೂರವಿದ್ದರೂ ನಮ್ಮ ಮನೆಗೆ ವಸಂತ ಬರುವುದು ಆ ಸಿಳ್ಳೆಯ ಜೊತೆಗೇ.

ಸಾಗರದ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಮುಂದೆ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ, ಕೆಳಗೆ ತೋಟ ಮತ್ತು ಹಳ್ಳ, ಮೇಲೆ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನಬೆಟ್ಟ. ಮಲೆನಾಡಿನ ಹೆಚ್ಚಿನ ಮನೆಗಳ ಸುತ್ತ ಇಷ್ಟು ಇದ್ದೇ ಇರುತ್ತದೆ. ಹಕ್ಕಿ ನೋಡಬೇಕೆಂದರೆ ದಾಂಡೇಲಿಗೋ ರಂಗನತಿಟ್ಟಿಗೋ ಹೋಗಬೇಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹೋಗಿ ಬನ್ನಿ, ಸಂತೋಷವೇ. ಆದರೆ ಒಂದು ದಿನಕ್ಕೆ ಹೋದವರಿಗೆ ಹಕ್ಕಿ ಕಾಣುತ್ತದೆ, ಅದರ ಸಂಸಾರ ಕಾಣುವುದಿಲ್ಲ. ಯಾರು ಬಂದರು, ಯಾರು ಹೊರಟರು, ಯಾರು ನಾರು ಕಚ್ಚಿಕೊಂಡು ಯಾವ ಪೊದೆಗೆ ಹೋದರು ಎನ್ನುವುದು ತಿಳಿಯುವುದು ದಿನವೂ ಅದೇ ಜಗಲಿಯಲ್ಲಿ ಕೂರುವವರಿಗೆ. ಫೆಬ್ರವರಿಯಿಂದ ಮೃಗಶಿರ ಮಳೆ ಹಿಡಿಯುವವರೆಗೆ ಅದನ್ನು ಹೇಗೆ ಮಾಡಬಹುದು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು, ಕೂರುವ ಜಾಗ

ಮನೆಯ ಸುತ್ತ ಒಂದು ಸುತ್ತು ಹಾಕಿ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತಿರಬೇಕು. ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಕೂತಲ್ಲಿಂದ ಒಂದಿಷ್ಟು ಬಯಲು ನೆಲ, ಒಂದು ಪೊದೆ ಅಥವಾ ಬೇಲಿ, ಒಂದು ಎತ್ತರದ ಮರದ ತುದಿ ಮೂರೂ ಕಂಡರೆ ಸಾಕು, ಏಕೆಂದರೆ ಹಕ್ಕಿಗಳು ಈ ಮೂರು ಅಂತಸ್ತಿನಲ್ಲಿ ಹಂಚಿಕೊಂಡಿರುತ್ತವೆ. ಮಡಿವಾಳ, ಹರಟೆಮಲ್ಲ, ಕೆಂಬೂತ ನೆಲದಲ್ಲಿ. ಟುವ್ವಿ ಹಕ್ಕಿ, ಪಿಕಳಾರ ಬೇಲಿಯಲ್ಲಿ. ಕುಟ್ರುಹಕ್ಕಿ, ಮಂಗಟ್ಟೆ, ಗಿಳಿ ಮರದ ತಲೆಯಲ್ಲಿ.

ಮಾರ್ಚ್‌ನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂವರೆ ಸುಮಾರಿಗೆ. ಅಲ್ಲಿಂದ ಮುಂದಿನ ಒಂದು ಗಂಟೆ ದಿನದಲ್ಲೇ ಒಳ್ಳೆಯ ಹೊತ್ತು. ಸಂಜೆ ಐದರ ನಂತರದ್ದು ಎರಡನೆಯದು. ಒಂದು ಗಂಟೆ ಕೂರಲು ಆಗದಿದ್ದರೆ ಇಪ್ಪತ್ತು ನಿಮಿಷ ಕೂತರೂ ಸಾಕು, ಆದರೆ ದಿನವೂ ಅದೇ ಇಪ್ಪತ್ತು ನಿಮಿಷ ಆಗಿರಲಿ. ಕೂತ ಮೊದಲ ಐದು ನಿಮಿಷ ಏನೂ ಕಾಣದಿದ್ದರೆ ಬೇಸರ ಬೇಡ. ಆಗ ಅವು ನಿಮ್ಮನ್ನು ನೋಡುತ್ತಿರುತ್ತವೆ. ಬಿಳಿ ಬಟ್ಟೆ ಬೇಡ, ಬೆರಳು ತೋರಿಸುವುದು ಬೇಡ, ನಾಯಿಯನ್ನು ಆ ಹೊತ್ತಿಗೆ ಕಟ್ಟಿ ಹಾಕಿ.

ದುರ್ಬೀನು

ಇಲ್ಲದಿದ್ದರೂ ನಡೆಯುತ್ತದೆ. ಮೊದಲ ವರ್ಷ ಬರಿಗಣ್ಣಲ್ಲೇ ನೋಡುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ, ಕಿವಿ ಚುರುಕಾಗುತ್ತದೆ. ಕೊಳ್ಳುವುದಾದರೆ 8×42 ಎಂದು ಬರೆದಿರುವುದನ್ನು ಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ ಐದಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಕಣ್ಣಿಗೆ ತಲುಪುವ ಬೆಳಕಿನ ಕಂಬ ಅಷ್ಟು ಮಿಲಿಮೀಟರ್ ದಪ್ಪ. ಜೇಬಿನಲ್ಲಿ ಹಿಡಿಸುವ 10×25ರಲ್ಲಿ ಅದು ಬರೀ ಎರಡೂವರೆ. ಬಯಲುಸೀಮೆಯ ಬಿಸಿಲಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಡಿಕೆ ತೋಟದ ಮಬ್ಬಿನಲ್ಲಿ ಬೆಳಿಗ್ಗೆ ಏಳಕ್ಕೆ ನೋಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ. ದುರ್ಬೀನನ್ನು ಕಣ್ಣಿಗಿಟ್ಟುಕೊಂಡು ಮರದಲ್ಲಿ ಹಕ್ಕಿ ಹುಡುಕುತ್ತಾರೆ. ಹಾಗಲ್ಲ. ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ನೋಡಿ, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಎರಡು ದಿನ ಬಾವಿಕಟ್ಟೆಯ ಮೇಲಿಟ್ಟ ಚೆಂಬಿನ ಮೇಲೆ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಕಣ್ಣಿಗಿಂತ ಮೊದಲು ಕಿವಿ

ಮಲೆನಾಡಿನಲ್ಲಿ ಕಾಣುವ ಹಕ್ಕಿಗಿಂತ ಕೇಳುವ ಹಕ್ಕಿ ಹೆಚ್ಚು. ಮೊದಲ ಎರಡು ವಾರ ಐದೇ ಐದು ದನಿ ಕಲಿಯಿರಿ.

ಇಡೀ ದಿನ ‘ಕುಟ್ರೂ ಕುಟ್ರೂ’ ಎನ್ನುವುದು ಕುಟ್ರುಹಕ್ಕಿ. ಹಸಿರು ಮೈ, ಬಿಳಿ ಕೆನ್ನೆ, ಎಲೆಗಳ ನಡುವೆ ಎದುರಿಗಿದ್ದರೂ ಕಾಣುವುದಿಲ್ಲ. ದಾಸವಾಳದ ಗಿಡದೊಳಗಿಂದ ‘ಟುವ್ವಿ ಟುವ್ವಿ’ ಎಂದು ಮೈಗೆ ಮೀರಿದ ಗಂಟಲಲ್ಲಿ ಕೂಗುವುದು ಟುವ್ವಿ ಹಕ್ಕಿ, ಎಲೆ ಹೊಲಿದು ಗೂಡು ಮಾಡುವುದು ಇದೇ. ತಲೆಯ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಬೊಟ್ಟು ಇರುವ ಕೆಮ್ಮೀಸೆ ಪಿಕಳಾರ ಜೋಡಿಯಾಗಿ ಹರಟುತ್ತಾ ಓಡಾಡುತ್ತದೆ. ಮಡಿವಾಳದ ಸಿಳ್ಳೆ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಐದನೆಯದು ಕೋಗಿಲೆ.

ಕೋಗಿಲೆಯ ವಿಷಯದಲ್ಲಿ ಎರಡು ಮಾತು. ನಮ್ಮ ಕಾವ್ಯ, ಗಾದೆಗಳಲ್ಲಿ ಹೆಣ್ಣಾಗಿಯೇ ಉಳಿದಿರುವ ಈ ಹಾಡುಗಾರ ಗಂಡು: ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಅದರ ಕೂಗು ‘ಕಿಕ್ ಕಿಕ್ ಕಿಕ್’ ಎಂದು ಗಾಬರಿಯಾದಂತಿರುತ್ತದೆ. ಇನ್ನೊಂದು, ಕೋಗಿಲೆ ವಸಂತಕ್ಕೆ ಎಲ್ಲಿಂದಲೋ ಬರುವುದಲ್ಲ. ವರ್ಷವಿಡೀ ಇಲ್ಲೇ ಇದ್ದು, ಚಳಿಗಾಲದಲ್ಲಿ ಸುಮ್ಮನಿರುತ್ತದೆ.

ಮೊಬೈಲಿನಲ್ಲಿ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ. ಭಾರತದ ಹಕ್ಕಿಗಳ ಕಡತವನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ತೋಟದಲ್ಲೂ ಕೂಗು ಕೇಳಿ ಹೆಸರು ಹೇಳುತ್ತದೆ. ಬಳಸಿ, ಆದರೆ ಅದು ಹೇಳಿದ್ದನ್ನು ಕಣ್ಣಿಂದ ನೋಡುವವರೆಗೆ ಬರೆದುಕೊಳ್ಳಬೇಡಿ. ಬಾಲದ ತುದಿಯಲ್ಲಿ ಎರಡು ತಂತಿ ಇಳಿಬಿಟ್ಟುಕೊಂಡ ಭೀಮರಾಜ ಇತರ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುತ್ತದೆ. ನಸುಕಿನಲ್ಲಿ ಒಂದೇ ಮರದಿಂದ ನಾಲ್ಕೈದು ಜಾತಿಯ ಹೆಸರು ಬಂದರೆ, ಅಲ್ಲಿರುವುದು ಭೀಮರಾಜ ಒಂದೇ ಇರಬಹುದು.

ಬರೆಯುವ ಕ್ರಮ: ‘ಇಲ್ಲ’ ಎಂದೂ ಬರೆಯಿರಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ವಸಂತವೆಂದರೆ ನಮ್ಮಲ್ಲಿ ಬರುವವರಷ್ಟೇ ಹೊರಡುವವರ ಕಾಲವೂ ಹೌದು. ಚಳಿಗಾಲಕ್ಕೆ ಬಂದ ಬೂದು ಕುಂಡೆಕುಸ್ಕ ಹಿಮಾಲಯಕ್ಕೆ, ಅದಕ್ಕೂ ಆಚೆಗೆ ಹೊರಡುತ್ತದೆ. ಮಾವಿನ ಮರದಲ್ಲಿ ಆರು ತಿಂಗಳು ‘ಚಿಸ್ವೀ’ ಎನ್ನುತ್ತಿದ್ದ, ಬೆರಳುದ್ದದ ಹಸಿರು ಎಲೆ ಉಲಿಯಕ್ಕಿ ಮಧ್ಯ ಏಷ್ಯಾ, ಸೈಬೀರಿಯಾಗಳ ಕಡೆಗೆ. ದರಗು, ಅಂದರೆ ಉದುರಿದ ಒಣ ಎಲೆ, ಕೆದಕುತ್ತಿದ್ದ ನವರಂಗ ಮಧ್ಯಭಾರತ ಮತ್ತು ಹಿಮಾಲಯದ ತಪ್ಪಲಿಗೆ. ಹೊನ್ನಕ್ಕಿಯೂ ಉತ್ತರಕ್ಕೆ.

ಬಂದ ದಿನವನ್ನು ಗುರುತಿಸುವುದು ಸುಲಭ, ಹೊಸ ದನಿ ಕೇಳಿದ ಕೂಡಲೇ ಗೊತ್ತಾಗುತ್ತದೆ. ಹೋದ ದಿನ ಹಾಗಲ್ಲ. ಇವತ್ತು ಅಂಗಳದಲ್ಲಿ ಬಾಲ ಕುಣಿಸಿದ ಕುಂಡೆಕುಸ್ಕ ನಾಳೆ ಇರುವುದಿಲ್ಲ ಎಂದು ಇವತ್ತು ಯಾರಿಗೆ ಗೊತ್ತು? ವಾರ ಕಳೆದ ಮೇಲೆ, ‘ಅರೆ, ಕಾಣುತ್ತಲೇ ಇಲ್ಲವಲ್ಲ’ ಅನಿಸುತ್ತದೆ. ಕೊನೆಯ ದಿನ ಯಾವುದೆಂದು ಆಗ ನೆನಪಾಗುವುದಿಲ್ಲ. ಇದಕ್ಕೆ ಇರುವ ದಾರಿ ಒಂದೇ: ದಿನವೂ ಇತ್ತು ಎಂದು ಬರೆಯುವುದು, ಇಲ್ಲದ ದಿನ ಇಲ್ಲ ಎಂದು ಬರೆಯುವುದು.

ಒಂದು ದಿನದ ಬರಹ ಹೀಗಿದ್ದರೆ ಸಾಕು:

ಏಪ್ರಿಲ್ 9, ಬೆಳಿಗ್ಗೆ 6.40ರಿಂದ 7. ಮೋಡ, ಗಾಳಿ ಇಲ್ಲ. ಕುಂಡೆಕುಸ್ಕ ಇಲ್ಲ (3ನೇ ದಿನ). ಎಲೆ ಉಲಿಯಕ್ಕಿ, ಕೂಗು ಮಾತ್ರ. ಪಿಕಳಾರ 4, ಒಂದರ ಕೊಕ್ಕಿನಲ್ಲಿ ನಾರು. ನವರಂಗ 1, ಸಂಜೆ ಕೂಗು. ಬಸರಿ ಮರದಲ್ಲಿ ಹಣ್ಣು ಶುರು.

ಮಳೆ ನಕ್ಷತ್ರವನ್ನೂ ಸೇರಿಸಿಕೊಳ್ಳಿ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎನ್ನುವ ಹದಿಮೂರು ಹದಿನಾಲ್ಕು ದಿನಗಳ ಲೆಕ್ಕ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ‘ಭರಣಿ ಮಳೆ ಬಿದ್ದ ಮಾರನೆ ದಿನ ಈಸುಳ್ಳೆ (ರೆಕ್ಕೆಯ ಗೆದ್ದಲು) ಎದ್ದವು, ಕಾಜಾಣಗಳು ಸಂಜೆಯವರೆಗೂ ಹಿಡಿದು ತಿಂದವು’ ಎಂದು ಬರೆದರೆ ಮನೆಯ ಹಿರಿಯರೂ ಓದಿ ತಮ್ಮದೊಂದು ನೆನಪು ಸೇರಿಸುತ್ತಾರೆ. ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಅಜ್ಜಿ ಹೇಳಿ ಬರೆಸಿದ ಸಾಲುಗಳೇ ಈಗ ನನಗೆ ಹೆಚ್ಚು ಬೆಲೆಯವು.

ನೀರಿಡುವುದು

ಹಕ್ಕಿಯನ್ನು ಹತ್ತಿರ ಕರೆಯಲು ಕಾಳಿಗಿಂತ ನೀರು ಮೇಲು. ಒಂದು ಅಗಲವಾದ ಮಣ್ಣಿನ ತಟ್ಟೆ ಸಾಕು. ಆಳ ಎರಡು ಇಂಚು ಮೀರಬಾರದು, ಅಂಚಿನಲ್ಲಿ ಇನ್ನೂ ಕಡಿಮೆ. ಸ್ಟೀಲ್, ಪ್ಲಾಸ್ಟಿಕ್‌ನಲ್ಲಿ ಕಾಲು ಜಾರುತ್ತದೆ, ಮಧ್ಯೆ ಒಂದು ಒರಟು ಕಲ್ಲು ಇಡಿ. ನೆರಳಿರುವಲ್ಲಿ, ಪೊದೆಯಿಂದ ನಾಲ್ಕೈದು ಹೆಜ್ಜೆ ದೂರ ಇರಲಿ. ಪೊದೆಗೆ ಅಂಟಿಕೊಂಡಿದ್ದರೆ ಬೆಕ್ಕು ಅಡಗಿ ಕೂರುತ್ತದೆ, ತುಂಬಾ ದೂರವಾದರೆ ಒದ್ದೆ ರೆಕ್ಕೆಯ ಹಕ್ಕಿಗೆ ಓಡಿ ಸೇರಲು ಮರೆ ಇರುವುದಿಲ್ಲ. ನೀರನ್ನು ದಿನವೂ ಚೆಲ್ಲಿ ಹೊಸದು ತುಂಬಿ, ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಿ. ಸೋಪು ಬೇಡ. ದಿನವೂ ಚೆಲ್ಲಿದರೆ ಸೊಳ್ಳೆಗೂ ಅವಕಾಶವಿಲ್ಲ.

ಮೊದಲ ವಾರ ಯಾರೂ ಬರದಿರಬಹುದು. ಪಿಕಳಾರ ಒಮ್ಮೆ ಬಂತೆಂದರೆ ಉಳಿದವರು ನೋಡಿಕೊಂಡು ಬರುತ್ತಾರೆ. ಏಪ್ರಿಲ್ ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಕಣ್ಣು ಆ ಕಡೆ ಇರಲಿ. ಉದ್ದ ಬಿಳಿ ಬಾಲದ ರಾಜಹಕ್ಕಿ ಮೇಲಿಂದ ಹಾರಿ ನೀರಿಗೆ ಮೈ ತಾಗಿಸಿ ಮತ್ತೆ ಕೊಂಬೆಗೆ ಹೋಗುವುದನ್ನು ನಾನು ಮೊದಲು ಕಂಡದ್ದು ಅಂಥ ಮಧ್ಯಾಹ್ನದಲ್ಲೇ.

ತಿನ್ನಲು ಇಡುವುದು ಬೇಡ ಎನ್ನುತ್ತೇನೆ. ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟರೆ ನಮ್ಮ ಕಡೆ ಮೊದಲು ಬರುವುದು ಮಂಗ, ಆಮೇಲೆ ಅದು ತೋಟ ಬಿಟ್ಟು ಹೋಗುವುದೇ ಇಲ್ಲ. ಬದಲಿಗೆ ಹಿತ್ತಿಲ ಪಪ್ಪಾಯಿಯಲ್ಲಿ ತುದಿಯ ಒಂದೆರಡು ಹಣ್ಣನ್ನು ಕೀಳದೆ ಬಿಡಿ. ತೋಟದ ಅಂಚಿನ ಗೊಬ್ಬರದ ಗಿಡ ಹೂ ಬಿಟ್ಟಾಗ ಸೊಪ್ಪಿಗೆ ಕಡಿಯುವುದನ್ನು ಎರಡು ವಾರ ಮುಂದಕ್ಕೆ ಹಾಕಿ, ಸೂರಕ್ಕಿಗಳು ಮುತ್ತಿಕೊಳ್ಳುತ್ತವೆ. ಬಸರಿ, ಅತ್ತಿ, ಗೋಣಿ ಮರ ಹಣ್ಣಾದರೆ ಅದೇ ಊರಿನ ಎಲ್ಲ ಹಕ್ಕಿಗೂ ಊಟದ ಮನೆ. ಅಂಥ ಮರ ಹತ್ತಿರದಲ್ಲಿದ್ದರೆ ಹಣ್ಣಿನ ಕಾಲದಲ್ಲಿ ಅಲ್ಲೇ ಹೋಗಿ ಕೂರಿ.

ತಿಂಗಳಿಂದ ತಿಂಗಳಿಗೆ

ಫೆಬ್ರವರಿ: ಬೂರುಗ, ಮುತ್ತುಗ, ಹಾಲವಾಣದ ಹೂವು ನೋಡಿ. ಎಲೆ ಇರುವುದಿಲ್ಲವಾದ್ದರಿಂದ ಹಕ್ಕಿ ಸ್ಪಷ್ಟವಾಗಿ ಕಾಣುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಾಜಾಣ, ಎಲೆಹಕ್ಕಿ, ಗೊರವಂಕ, ಸೂರಕ್ಕಿ ಒಂದೇ ಮರದಲ್ಲಿ ಸಿಗುತ್ತವೆ.

ಮಾರ್ಚ್: ಮಂಗಟ್ಟೆಯ ಮೇಲೆ ಗಮನವಿಡಿ. ಗಹಗಹಿಸಿ ನಕ್ಕಂತೆ ಕೂಗುವ ಬೂದು ಮಂಗಟ್ಟೆ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹೆಣ್ಣು ಮರದ ಪೊಟರೆಯೊಳಗೆ ಸೇರಿಕೊಂಡು ಬಾಯನ್ನು ಸೀಳಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ, ಗಂಡು ಆ ಸೀಳಿನಲ್ಲಿ ಹಣ್ಣು ತಂದು ಕೊಡುತ್ತದೆ. ಜೋಡಿಯಾಗಿ ಓಡಾಡುತ್ತಿದ್ದವುಗಳಲ್ಲಿ ಗಂಡೊಂದೇ ಬಸರಿ ಮರಕ್ಕೆ ಬಂದು, ತಾನು ತಿಂದು, ಗಂಟಲು ತುಂಬಿಕೊಂಡು ದಿನವೂ ಒಂದೇ ದಿಕ್ಕಿಗೆ ಹಾರಿದರೆ ಗೂಡು ಆ ದಿಕ್ಕಿನಲ್ಲಿದೆ. ಹುಡುಕಿಕೊಂಡು ಹೋಗಬೇಡಿ. ಆ ಗಂಡಿಗೆ ಏನಾದರೂ ಆದರೆ ಒಳಗಿರುವ ತಾಯಿ ಮತ್ತು ಮರಿಗೆ ಊಟವಿಲ್ಲ.

ಏಪ್ರಿಲ್ ಹೊರಡುವವರ ತಿಂಗಳು, ಸಂಜೆ ಕೂರುವುದು ಮುಖ್ಯ. ಕತ್ತಲಾಗುವ ಮುಂಚೆ ಎರಡು ಸ್ವರದ ನವರಂಗದ ಸಿಳ್ಳೆ ಕೇಳಿದರೆ ಗುರುತು ಹಾಕಿಕೊಳ್ಳಿ.

ಮೇ ತಿಂಗಳಲ್ಲಿ ಕಾಗೆಯ ಗೂಡು ನೋಡಿ. ಗಂಡು ಕೋಗಿಲೆ ಕೂಗುತ್ತಾ ಕಾಗೆಗಳನ್ನು ರೇಗಿಸಿ ಅಟ್ಟಿಸಿಕೊಂಡು ಹೋಗುವಂತೆ ಮಾಡುತ್ತದೆ, ಅಷ್ಟರಲ್ಲಿ ಹೆಣ್ಣು ಗೂಡಿಗೆ ಇಳಿಯಬಹುದು. ಕೋಗಿಲೆ ಮೊಟ್ಟೆ ಕಾಗೆ ಮೊಟ್ಟೆಗಿಂತ ಮೊದಲು ಒಡೆಯುತ್ತದೆ. ಕಾಗೆ ತುತ್ತು ಕೊಡುತ್ತಿರುವ ಮರಿಯ ಮೈಯಲ್ಲಿ ಬಿಳಿ ಚುಕ್ಕೆ ಕಂಡರೆ ವಿಷಯ ತಿಳಿಯಿತಲ್ಲ. ಹಳ್ಳದ ಕಡೆಯಿಂದ ಸರಳೆ ಸಿಳ್ಳಾರ ನಸುಕಿನಲ್ಲಿ ಸಿಳ್ಳೆ ಹಾಕುತ್ತಾ ಹೋಗುವುದೂ ಈಗಲೇ. ಯಾರೋ ಹುಡುಗ ರಾಗ ನೆನಪಿಸಿಕೊಳ್ಳುತ್ತಾ ದಾರಿ ಮೇಲೆ ಹೋದಂತಿರುತ್ತದೆ.

ಗೂಡು ಕಂಡರೆ

ಕೆಮ್ಮೀಸೆ ಪಿಕಳಾರ ಮನುಷ್ಯರನ್ನು ನಂಬಿ ಜಗಲಿಯ ಮಲ್ಲಿಗೆ ಬಳ್ಳಿಯಲ್ಲಿ, ಕ್ರೋಟನ್ ಕುಂಡದಲ್ಲಿ ಎದೆಮಟ್ಟಕ್ಕೆ ಗೂಡು ಕಟ್ಟುತ್ತದೆ. ಎರಡು ಮೂರು ಮೊಟ್ಟೆ. ಒಡೆಯಲು ಸುಮಾರು ಹನ್ನೆರಡು ದಿನ, ಮರಿ ಗೂಡು ಬಿಡಲು ಇನ್ನೂ ಅಷ್ಟೇ ದಿನ. ಸೂರಕ್ಕಿ ಜೇಡರ ಬಲೆಯ ನೂಲಿನಿಂದ ಕಸಕಡ್ಡಿ ಪೋಣಿಸಿ ಹಳೆಯ ವೈರಿಗೋ ಬಟ್ಟೆ ಒಣಗಿಸುವ ಹಗ್ಗಕ್ಕೋ ಗೂಡು ತೂಗುಹಾಕುತ್ತದೆ. ಕಸ ಸಿಕ್ಕಿಕೊಂಡಿದೆ ಎಂದು ಗುಡಿಸಿ ಹಾಕಿಬಿಡುವ ಮೊದಲು ಪಕ್ಕದಲ್ಲಿ ತೂತು ಇದೆಯೇ ನೋಡಿ.

ಗೂಡು ಸಿಕ್ಕ ಮೇಲೆ ನೋಡುವ ಜಾಗವನ್ನು ಹಿಂದಕ್ಕೆ ಸರಿಸಿ. ತಾಯಿ ಹಕ್ಕಿ ತುತ್ತು ಕಚ್ಚಿಕೊಂಡೇ ಕೊಂಬೆಯಲ್ಲಿ ಕೂತು ಕೂಗುತ್ತಿದ್ದರೆ ನೀವು ತುಂಬಾ ಹತ್ತಿರದಲ್ಲಿದ್ದೀರಿ ಎಂದರ್ಥ, ತಕ್ಷಣ ಎದ್ದು ಹೋಗಿ. ಫೋಟೋ ಚೆನ್ನಾಗಿ ಬರಲಿ ಎಂದು ಅಡ್ಡ ಬಂದ ಎಲೆ ಸವರಬೇಡಿ. ಮೊಟ್ಟೆ, ಮರಿ ಕದಿಯುವ ಮಟಪಕ್ಷಿಗೂ ಕೆಂಬೂತಕ್ಕೂ ಅಡ್ಡ ಇದ್ದದ್ದು ಆ ಎಲೆಯೇ. ಹೀಗೆ ಎರಡು ಎಲೆ ಸರಿಸಿ ಒಂದು ಪಿಕಳಾರದ ಗೂಡನ್ನು ನಾನು ಕಳೆದಿದ್ದೇನೆ. ಮಾರನೆ ಬೆಳಿಗ್ಗೆ ಅದು ಖಾಲಿಯಾಗಿತ್ತು, ಜೋಡಿ ಹಕ್ಕಿ ಎರಡು ದಿನ ಅದರ ಸುತ್ತ ಕೂಗುತ್ತಿದ್ದವು. ಆ ಕೂಗು ಇವತ್ತಿಗೂ ನೋಯಿಸುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದೂ ಈ ಕಾಲದಲ್ಲಿ ಬೇಡ. ಯಾರೋ ಎದುರಾಳಿ ಬಂದನೆಂದು ಅದು ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ಗೂಡು, ಮೊಟ್ಟೆಗೆ ಹಾನಿ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎನ್ನುವುದನ್ನು ಮಕ್ಕಳಿಗೆ ಈಗಲೇ ಹೇಳಿಕೊಡಿ.

ಮನೆ ಕೆಲಸಗಳನ್ನೂ ಸ್ವಲ್ಪ ಹೊಂದಿಸಿಕೊಳ್ಳಬೇಕು. ಬೇಲಿ ಸವರುವುದನ್ನು ಜನವರಿಯೊಳಗೆ ಮುಗಿಸಿ. ಬ್ಯಾಣದ (ಹುಲ್ಲುಗಾವಲಿನ) ಒಣ ಹುಲ್ಲಿಗೆ ಬೆಂಕಿ ಕೊಡಬೇಡಿ, ಕಾಡುಕೋಳಿಯಂಥವು ನೆಲದಲ್ಲೇ ಮೊಟ್ಟೆ ಇಡುತ್ತವೆ. ಕೊಯ್ಲಾದ ಗದ್ದೆಯಲ್ಲಿ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಅರಚಿದರೆ ನಿಂತು ಕಾಲಬುಡ ನೋಡಿ, ಮಣ್ಣಿನ ಹೆಂಟೆಯ ಬಣ್ಣದ ನಾಲ್ಕು ಮೊಟ್ಟೆ ಅಲ್ಲೇ ಇರಬಹುದು. ಸುಳಿ ಸತ್ತ ಅಡಿಕೆಯೋ ತೆಂಗೋ ಮನೆ ಮೇಲೆ ಬೀಳುವಂತಿಲ್ಲದಿದ್ದರೆ ಕಡಿಯದೆ ಬಿಡಿ. ಮೊದಲ ವರ್ಷ ಮರಕುಟಿಗವೋ ಕುಟ್ರುಹಕ್ಕಿಯೋ ತೂತು ಕೊರೆಯುತ್ತದೆ, ಆಮೇಲೆ ಅದೇ ತೂತಿಗೆ ಮಡಿವಾಳ, ಗೊರವಂಕ, ಗಿಳಿ ಬಾಡಿಗೆಗೆ ಬರುತ್ತವೆ.

ಮರಿ ನೆಲಕ್ಕೆ ಬಿದ್ದಿದ್ದರೆ ಮೊದಲು ಪುಕ್ಕ ನೋಡಿ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕಿಗೆ ಸಿಗದಂತೆ ಪಕ್ಕದ ಪೊದೆಯ ಮೇಲಿಟ್ಟು ದೂರ ಸರಿಯಿರಿ. ಪುಕ್ಕವಿಲ್ಲದ ಬೋಳು ಮರಿಯಾದರೆ ಮೆಲ್ಲಗೆ ಗೂಡಿಗೇ ಹಿಂದಿರುಗಿಸಿ. ಮನುಷ್ಯರ ಕೈ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹಾಲು, ಅನ್ನ ತಿನ್ನಿಸುವುದು ಮಾತ್ರ ಬೇಡ, ಅದರಿಂದಲೇ ಸಾಯುತ್ತವೆ.

ಬೈಕಿನ ಕನ್ನಡಿಗೆ ಮಡಿವಾಳವೋ ಸೂರಕ್ಕಿಯೋ ದಿನವಿಡೀ ಕುಕ್ಕುತ್ತಿದ್ದರೆ, ತನ್ನ ನೆರಳನ್ನೇ ಎದುರಾಳಿ ಎಂದುಕೊಂಡಿದೆ. ಕನ್ನಡಿಗೊಂದು ಹಳೆ ಕಾಲುಚೀಲ ಹಾಕಿ.

ಕಾಡಿನ ಅಂಚಿಗೆ ಹೋಗುವ ಮುನ್ನ

ಹಕ್ಕಿ ನೋಡಲು ಒಳ್ಳೆಯ ಕಾಲವೇ ನಮ್ಮ ಕಡೆ ಮಂಗನ ಕಾಯಿಲೆಯ ಕಾಲವೂ ಹೌದು, ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಹರಡುವುದು ಉಣುಗಿನಿಂದ. ಸೊಪ್ಪಿನಬೆಟ್ಟದ ದರಗಿನಲ್ಲಿ ಕೂರಬೇಡಿ. ತುಂಬು ತೋಳು, ಉದ್ದ ಪ್ಯಾಂಟು, ಕಾಲುಚೀಲದೊಳಗೆ ಪ್ಯಾಂಟಿನ ತುದಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ವರ್ಷ ಊರಲ್ಲಿ ಕಾಯಿಲೆ ಇದ್ದರೆ ಜಗಲಿಯೇ ಸಾಕು, ಅಲ್ಲಿಂದ ಕಾಣುವುದು ಕಡಿಮೆಯೇನಲ್ಲ.

ನಿಮ್ಮ ಲೆಕ್ಕವನ್ನು ಹಂಚಿಕೊಳ್ಳಿ

ಇ-ಬರ್ಡ್ ಎಂಬ ಉಚಿತ ಜಾಲತಾಣದಲ್ಲಿ ನಿಮ್ಮ ಪಟ್ಟಿಯನ್ನು ಸೇರಿಸಬಹುದು. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆ ಆರಂಭಕ್ಕೆ ಒಳ್ಳೆಯದು. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಎಣಿಕೆಯಲ್ಲಿ ಭಾರತದವರು 2013ರಿಂದ ಸೇರಿದ್ದಾರೆ. ಕನಿಷ್ಠ 15 ನಿಮಿಷ ಒಂದೆಡೆ ಕೂತು, ಕಂಡದ್ದನ್ನು ಕೇಳಿದ್ದನ್ನು ಎಲ್ಲ ಬರೆಯಬೇಕು, ಕಾಗೆಯನ್ನೂ ಬಿಡದೆ. ನಗರದ ಕೆರೆಗಳಿಂದ ಪಟ್ಟಿಗಳು ಬೇಕಾದಷ್ಟು ಬರುತ್ತವೆ. ನಮ್ಮಂಥ ಒಂಟಿ ಮನೆಗಳಿಂದ ಬರುವುದು ಕಡಿಮೆ, ಅದಕ್ಕೇ ನಿಮ್ಮದು ಬೇಕು. ಗೂಡಿನ ಜಾಗ, ಗೂಬೆ ಕೂರುವ ಮರದ ಗುರುತನ್ನು ಮಾತ್ರ ಎಲ್ಲೂ ಹಾಕಬೇಡಿ.

ಜೂನ್ ಮೊದಲ ವಾರ ಮೃಗಶಿರ ಹಿಡಿಯಿತೆಂದರೆ ದುರ್ಬೀನನ್ನು ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಚರ್ಮದ ಚೀಲದಲ್ಲಿ ಬಿಟ್ಟರೆ ಆಗಸ್ಟಿನೊಳಗೆ ಗಾಜಿಗೆ ಬೂಸ್ಟು ಬರುತ್ತದೆ. ನೋಟ್‌ಬುಕ್ಕನ್ನು ಒಳಗಿಡಬೇಡಿ, ಜಗಲಿಯ ಮೊಳೆಗೇ ನೇತುಹಾಕಿ. ಸೆಪ್ಟೆಂಬರ್ ಮಧ್ಯದಿಂದ ಪುಟ ತೆರೆದಿರಲಿ. ಕುಂಡೆಕುಸ್ಕ ತಿರುಗಿ ಬಂದು ಒದ್ದೆ ಅಂಗಳದಲ್ಲಿ ಬಾಲ ಕುಣಿಸುವ ಬೆಳಗನ್ನು ಏಪ್ರಿಲ್‌ನ ಕೊನೆಯ ತಾರೀಕಿನ ಕೆಳಗೇ ಬರೆಯಬೇಕು.